ಮೆಕ್ಯಾನಿಕಲ್ ಐದನೇ ಸೆಮ್ ಬಿಟ್ಟು ತಬಲಾಕ್ಕ ಬರಬೇಕು ಅಂತ ಮಾಡೇನಿ, ತಿಳದವ್ರು ಹೇಳ್ರಿ

ರೇಲಾ_ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಹುಬ್ಬಳ್ಳಿಯಂವ. ವಿಟಿಯು ಕಾಲೇಜಿನ್ಯಾಗ ಮೆಕ್ಯಾನಿಕಲ್, ಐದನೇ ಸೆಮ್. ಸಣ್ಣಂವ ಇದ್ದಾಗಿಂದ ತಬಲಾ ಕಲಿಯಾಕತ್ತೇನಿ, ಗಾಂಧರ್ವ ಮಂಡಳದ ಮಧ್ಯಮಾ ಪರೀಕ್ಷಾ ಮುಗದಾವ. ಎರಡು ಬ್ಯಾಕ್‌ಲಾಗ್ ಅದಾವ. ಅಪ್ಪ ಸಾರಿಗೆ ಬಸ್ಸಿನ್ಯಾಗ ಕಂಡಕ್ಟರ್, ನನ್ನ ಫೀಜಿಗೆ ಬ್ಯಾಂಕಿನ ಸಾಲ ತಗೊಂಡಾರ.

ಮುಂಜಾನೆ ಐದಕ್ಕ ರಿಯಾಜಿಗೆ ಕುಂದರ್ತೇನಿ. ಕೈ ಬಿಸಿ ಆಗಿ ತಿರಕಿಟ ಅನ್ನೂ ತಬಲಾದ ನುಡಿ ಸಲೀಸ ಬೀಳಾಕತ್ತಿರ್ತೈತಿ, ಅಷ್ಟರಾಗ ಏಳೂವರೆ ಬಸ್ಸಿಗೆ ಓಡಬೇಕು. ಗುರುಗಳು "ದಿನಾ ಐದಾರು ತಾಸು ಕೊಟ್ರ ಖ್ಯಾಲಿಗೆ ಸಾಥ್ ಕೊಡೂ ಕೈ ಆಕ್ಕೈತಿ" ಅಂದಾರ. (ಖ್ಯಾಲ್ ಅಂದ್ರ ಹಿಂದೂಸ್ತಾನಿ ಹಾಡಿಕಿಯ ಒಂದು ಬಗಿ, ಸಾಥ್ ಅಂದ್ರ ಹಾಡವ್ರ ಜೋಡಿ ಬಾರಿಸೂದು.) ಕಾಲೇಜು ಬಿಡು ಅಂತ ಅವ್ರು ಅಂದಿಲ್ಲ, ಅದು ನನ್ನ ವಿಚಾರ. ಭೀಮಸೇನ ಜೋಶಿಯವ್ರು ಹನ್ನೊಂದನೇ ವಯಸ್ಸಿಗೆ ಮನಿ ಬಿಟ್ರು. ಮಲ್ಲಿಕಾರ್ಜುನ ಮನಸೂರ ಅವ್ರು ಹುಡುಗ ಇದ್ದಾಗನ ಸಾಲಿ ಬಿಟ್ಟು ನಾಟಕ ಕಂಪನಿ ಸೇರಿದ್ರು. ನಾನು ಇಪ್ಪತ್ತಕ್ಕ ಬಿಡಬಾರದೇನು? ತಬಲಾದ ಮ್ಯಾಲೇ ಮನಿ ನಡಸಾಕತ್ತವ್ರು ಇದ್ರ ಹೇಳ್ರಿ.

ಸಾಥಿ_ಧಾರವಾಡ

ತಮ್ಮಾ, ನಾನು ಬಿಕಾಂ ನಡುವ ಬಿಟ್ಟು ತಬಲಾಕ್ಕ ಬಂದಂವ. ಇಪ್ಪತ್ತು ವರ್ಷದ ಮ್ಯಾಲಾತು, ನಮ್ಮ ಮನಿ ಇದರ ಮ್ಯಾಲೇ ನಡದೈತಿ. ಮೆಕ್ಯಾನಿಕಲ್ ಬಿಡೂದಾದ್ರ ಬಿಡು. ಆದ್ರ ಪದವಿ ಬಿಡಬ್ಯಾಡ. ನಾನು ಬಿಕಾಂ ಬಿಟ್ಟು ಬಿ.ಮ್ಯೂಸ್ (ಸಂಗೀತದ ಪದವಿ) ಸೇರಿದೆ, ಮನ್ಯಾಗ ಕುಂದರಲಿಲ್ಲ.

ಭೀಮಸೇನರು 1933ರಾಗ ಗದಗ ಬಿಟ್ಟದ್ದು ಎಲ್ಲಾರ ಬಾಯಾಗೂ ಐತಿ. ಊರೂರು ಅಲದು ಕಡೀಕ ಕುಂದಗೋಳದಾಗ ಸವಾಯಿ ಗಂಧರ್ವರ ಮನ್ಯಾಗ ಇದ್ದು ವರ್ಷಗಟ್ಟಲೆ ಕಲಿತ್ರಲ್ಲ, ಅದನ್ನೂ ಜೋಡಿಸಿ ಹೇಳಬೇಕು. ಹಾಡುಗಾರ ವೆಂಕಟೇಶಕುಮಾರ ಅವ್ರು ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಪುಟ್ಟರಾಜ ಗವಾಯಿಗಳ ಹಂತ್ಯಾಕ ಹನ್ನೆರಡು ವರ್ಷ ಇದ್ರು. ಊಟ, ವಸತಿ, ವಿದ್ಯೆ ಎಲ್ಲಾ ಅಲ್ಲೇ. ನೀನು ಕಾಲೇಜು ಬಿಟ್ಟ ಮರುದಿನ ಎಲ್ಲಿ ಹೋಗಿ ಕುಂದರ್ತಿ, ಯಾರ ಮುಂದ ಕುಂದರ್ತಿ? ಅದಕ್ಕ ಉತ್ತರ ಇದ್ರ ನಿನ್ನ ಅರ್ಧಾ ಚಿಂತಿ ಕಳೀತು. ಇನ್ನೊಂದು ಗೊತ್ತಿರಲಿ, ಅದೇ ವೆಂಕಟೇಶಕುಮಾರ ಅವ್ರು ಧಾರವಾಡದ ಯುನಿವರ್ಸಿಟಿ ಸಂಗೀತ ಕಾಲೇಜಿನ್ಯಾಗ ಮೂವತ್ತು ವರ್ಷದ ಮ್ಯಾಲ ಪಾಠಾ ಹೇಳ್ಯಾರ. ಮನಸೂರ ಅವ್ರೂ ಆಕಾಶವಾಣಿ ಧಾರವಾಡದಾಗ ಕೆಲಸಾ ಮಾಡ್ಯಾರ.

ರೊಕ್ಕದ ಮಾತು ಹೇಳ್ತೇನಿ. ಶ್ರಾವಣದಾಗ ನಮ್ಮ ಕಡೆ ಮಠಗಳೊಳಗ ತಿಂಗಳಪೂರ್ತಿ ಪುರಾಣ, ಪ್ರವಚನ. ಗವಾಯಿಗಳ ಬಾಜೂಕ ತಬಲಾದಂವ ಬೇಕಾ ಬೇಕು. ಆಮ್ಯಾಲೆ ಗಣಪತಿ, ದಸರಾ, ಜಾತ್ರಿ. ಆಷಾಢದಾಗ ಫೋನೇ ಬರೂದಿಲ್ಲ. 2020ರ ಲಾಕ್‌ಡೌನಿನ್ಯಾಗ ಒಂದೂ ಕಾರ್ಯಕ್ರಮ ಇರಲಿಲ್ಲ, ಮೊಬೈಲಿನ್ಯಾಗ ಪಾಠಾ ಹೇಳಿದ್ದಕ್ಕ ರೇಷನ್ ಬಂತು. ತಿಂಗಳಾ ಬರೂದು ಪಾಠದ ರೊಕ್ಕ, ಮತ್ತ ಪಾಠದ ನೌಕರಿಗೆ ಪದವಿ ಕೇಳ್ತಾರ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದಾಗ ರೇಡಿಯೊದ 'ಎ' ಗ್ರೇಡ್ ಕಲಾವಿದರು ಅಸಿಸ್ಟಂಟ್ ಪ್ರೊಫೆಸರ್ ಆಗಾಕ ದಾರಿ ಐತಿ, ಅಲ್ಲೂ ಪದವಿ ಇರಬೇಕು ಅಂತ ಬರದಾರ. ರೇಡಿಯೊದಾಗ ಕಲಾವಿದರ ಗ್ರೇಡ್ ಮೊದಲಿಗೆ 'ಬಿ', ಆಮ್ಯಾಲೆ 'ಬಿ ಹೈ', ಆಮ್ಯಾಲೆ 'ಎ'. ಗ್ರೇಡ್ ಅಂದ್ರ ನೌಕರಿ ಅಲ್ಲ, ಬುಕಿಂಗ್ ಬಂದಾಗಷ್ಟ ರೊಕ್ಕ.

ಇನ್ನ ಕೈ ವಿಚಾರ. ಕಾಯದಾ, ರೇಲಾ ಅನ್ನೂ ತಬಲಾದ ರಚನಾ ಭರ್ರಂತ ಬಾರಿಸೂ ಹುಡುಗ್ರು ಬೇಕಾದಷ್ಟು ಮಂದಿ ಅದಾರ. ಖ್ಯಾಲಿನ ಸಾಥ್ ಬ್ಯಾರೆ. ವಿಲಂಬಿತ (ನಿಧಾನ ಗತಿಯ) ಏಕತಾಲಕ್ಕ ಹನ್ನೆರಡು ಮಾತ್ರಾ (ಎಣಿಕಿ), ಒಂದೊಂದು ಮಾತ್ರಾ ನಾಲ್ಕು ಭಾಗ ಮಾಡಿದ್ರ ನಲವತ್ತೆಂಟು. ಅರ್ಧಾ ತಾಸು ಅದೇ ಠೇಕಾ (ತಾಳದ ಮೂಲ ನುಡಿ), ಅದೇ ಲಯ. ಹಾಡವ್ರು ಆಲಾಪದಾಗ ದೂರ ಹೋಗಿರ್ತಾರ. ಒಂಬತ್ತು, ಹತ್ತನೇ ಮಾತ್ರಾದಾಗ ನಿನ್ನ 'ಧಾಗೆ ತಿರಕಿಟ' ಕೇಳಿ ಮುಖಡಾಕ್ಕ (ಹಾಡಿನ ಮೊದಲ ತುಣುಕಿಗೆ) ತಿರುಗಿ ಸಮ್ಮಿಗೆ (ತಾಳದ ಮೊದಲ ಮಾತ್ರಾಕ್ಕ) ಬರ್ತಾರ. ಅಲ್ಲಿ ನಿನ್ನ ತಿರಕಿಟ ಒಂದು ಕೂದಲೆಳಿ ಮುಂದ ಬಿತ್ತಂದ್ರ ಅವ್ರ ಮುಖಡಾನೇ ಕೆಡ್ತೈತಿ. ಡಗ್ಗಾದ (ಎಡಗೈಲೆ ಬಾರಿಸೂದರ) ದನಿ ತುಂಬಿರಬೇಕು, ಆದ್ರ ಅವ್ರ ಮಂದ್ರ ಷಡ್ಜದ ಮ್ಯಾಲ ಬೀಳಬಾರದು. ಇದು ಬರಾಕ ದಿನಾ ಮುಂಜಾನೆ ಎರಡೂವರೆ ತಾಸು ಸಾಲೂದಿಲ್ಲ. ನಿಮ್ಮ ಗುರುಗಳು ಹೇಳಿದ್ದು ಖರೇ ಐತಿ.

ಈ ಸೆಮ್ ರಜಾದಾಗ ಒಂದು ಕೆಲಸಾ ಮಾಡು. ಲೆಹರಾ (ತಾಳ ತೋರಿಸಾಕ ಸುತ್ತಿ ಸುತ್ತಿ ಬರೂ ಧಾಟಿ) ಹಚ್ಚಿ ಅರ್ಧಾ ತಾಸು ವಿಲಂಬಿತ ಏಕತಾಲ ಬಾರಿಸಿ ರೆಕಾರ್ಡ್ ಮಾಡು. ಒಂದೂ ತುಕಡಾ (ನಡುವ ಬಾರಿಸೂ ಸಣ್ಣ ರಚನಾ) ಹಾಕಬ್ಯಾಡ. ಗುರುಗಳ ಮುಂದ ಇಟ್ಟು, ಅಪ್ಪಗೂ ಅಲ್ಲೇ ಕರಕೊಂಡು ಹೋಗು. ಮಗಾ ಏನು ಕೇಳಾಕತ್ತಾನು ಅಂತ ಅವರಿಗೂ ಗುರುಗಳ ಬಾಯಿಂದ ಗೊತ್ತಾಗಲಿ.

ಕ್ಯಾಷಿಯರಕ್ಕ_ಶಿವಮೊಗ್ಗ

ಸಂಗೀತದ ವಿಷಯ ಮೇಲಿನವರೇ ಚೆನ್ನಾಗಿ ಹೇಳಿದ್ದಾರೆ. ನಾನು ಬ್ಯಾಂಕಿನಲ್ಲಿರೋಳು, ಸಾಲದ ಬಗ್ಗೆ ಹೇಳ್ತೀನಿ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದ ಮೇಲೆ ಶುರುವಾಗುತ್ತೆ. ನಡುವೆ ಬಿಟ್ಟರೆ ಆ ಲೆಕ್ಕ ಬದಲಾಗುತ್ತೆ, ಕಂತು ಬೇಗ ನಿಮ್ಮಪ್ಪನ ಮೇಲೆ ಬರಬಹುದು. ಬಿಡೋ ಮುಂಚೆಯೇ ಅಪ್ಪನ ಜೊತೆ ಶಾಖೆಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಪ್ಪ. ಹೇಳದೆ ಬಿಟ್ಟು, ಆಮೇಲೆ ಮನೆಗೆ ನೋಟಿಸ್ ಬಂದು ಅಪ್ಪ-ಮಕ್ಕಳು ಮಾತು ಬಿಟ್ಟಿದ್ದನ್ನ ನೋಡಿದೀನಿ. ಕಾಲೇಜಿನಲ್ಲಿ ಟಿಸಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ವಾಪಸ್ ಕೊಡೋಕೆ ಏನೇನು ಕೇಳ್ತಾರೆ ಅನ್ನೋದನ್ನೂ ಮೊದಲೇ ತಿಳ್ಕೊ.

ಮೆಕ್_ಬೆಂಗಳೂರು

ನಾನು ಒಪ್ಪಲ್ಲ. ಅರ್ಧ ಮುಗಿಸಿದ್ದೀಯ, ಬಿಇ ಮುಗಿಸು. ವಿಟಿಯುನಲ್ಲಿ ನಾಲ್ಕು ವರ್ಷದ ಕೋರ್ಸಿಗೆ ಎಂಟು ವರ್ಷ ಸಮಯ ಇದೆ, ಬ್ಯಾಕ್‌ಲಾಗ್ ನಿಧಾನಕ್ಕೆ ಕ್ಲಿಯರ್ ಮಾಡಬಹುದು. ರಾಜೀವ ತಾರಾನಾಥರನ್ನ ನೋಡು, ಇಂಗ್ಲಿಷ್ ಪ್ರೊಫೆಸರ್ ಆಗಿದ್ದು ಆಮೇಲೆ ಕೆಲಸ ಬಿಟ್ಟು ಪೂರ್ತಿ ಸರೋದ್‌ಗೆ ಬಂದವರು. ನಾನೂ ಕೆಲಸ ಮಾಡ್ತಾ ಶನಿವಾರ, ಭಾನುವಾರ ಸುಗಮ ಸಂಗೀತಕ್ಕೆ ನುಡಿಸ್ತೀನಿ. ತೃಪ್ತಿ ಇದೆ.

ಸಾಥಿ_ಧಾರವಾಡ

ಸರ್, ಸಾಲ ಇದ್ದ ಮನಿಗೆ ನಿಮ್ಮ ಮಾತು ತೂಕದ್ದು. ಆದ್ರ ರಾಜೀವ ತಾರಾನಾಥರು ನೌಕರಿ ಬಿಡೂ ಮೊದಲೇ ಸರೋದ್ ಉಸ್ತಾದ್ ಅಲಿ ಅಕ್ಬರ್ ಖಾನರ ಹತ್ರ ಕಲಿತವ್ರು, ನೌಕರಿ ಬಿಟ್ಟ ಮ್ಯಾಲ ಸರೋದ್ ಹಿಡದವ್ರಲ್ಲ. ಈ ಹುಡುಗ ಕೇಳಿದ್ದು ಖ್ಯಾಲಿನ ಸಾಥ್. ಅದನ್ನ ಈ ವಯಸ್ಸಿನ್ಯಾಗ ದಿನಾ ಕುಂತು ಕಲೀಬೇಕು, ವಾರಕ್ಕ ಎರಡು ದಿನದಾಗ ಆಗೂದಲ್ಲ ಅಂತ ನನ್ನ ಅಭಿಪ್ರಾಯ.

ರೇಲಾ_ಹುಬ್ಬಳ್ಳಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಐದನೇ ಸೆಮ್ ಪರೀಕ್ಷಾ ಬರದು, ರಜಾದಾಗ ಅಣ್ಣಾವ್ರು ಹೇಳಿದಂಗ ರೆಕಾರ್ಡ್ ಮಾಡ್ತೇನಿ. ನಾಳೆ ಅಪ್ಪಗ ರಜಾ ಐತಿ, ಬ್ಯಾಂಕಿಗೆ ಹೋಗೂಣು ಅಂತ ಹೇಳೇನಿ, ಯಾಕ ಅಂತ ಇವತ್ತ ರಾತ್ರಿ ಹೇಳ್ತೇನಿ. ಬಿ.ಮ್ಯೂಸ್‌ಗೆ ಪಿಯುಸಿ ಸೈನ್ಸ್ ನಡೀತೈತೇನ್ರಿ ಅಣ್ಣಾ?

ಸಾಥಿ_ಧಾರವಾಡ

ನಡೀತೈತಿ. ಪಿಯುಸಿ ಪಾಸಾಗಿದ್ರ ಆತು, ಯಾವ ವಿಭಾಗ ಅಂತ ಕೇಳೂದಿಲ್ಲ. ಬ್ಯಾಕ್‌ಲಾಗ್ ಅಡ್ಡ ಬರೂದಿಲ್ಲ. ಧಾರವಾಡದಾಗ ವಿಚಾರಿಸು, ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದಾಗೂ ವಿಚಾರಿಸು. ರೆಕಾರ್ಡ್ ಮಾಡಿದ ಮ್ಯಾಲ ನನಗೂ ಕಳಸು, ಕೇಳಿ ಇದ್ದದ್ದು ಇದ್ದಂಗ ಹೇಳ್ತೇನಿ.