ಸಹಾಯ ಬೇಕು: ಮುದ್ರಾ ಸಾಲದ ಕಂತು ಇಳಿಸಿಕೊಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಕಾಫಿಪುಡಿ, ಕರಿಮೆಣಸು, ಜೇನು ಮಾರುವ ಸಣ್ಣ ಅಂಗಡಿ ನನ್ನದು. ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಸರ್ಕಾರದ ಮುದ್ರಾ ಯೋಜನೆಯ 'ಕಿಶೋರ್' ವಿಭಾಗದಲ್ಲಿ 4 ಲಕ್ಷ ಸಾಲ, ತಿಂಗಳಿಗೆ 8,700 ಕಂತು. ಈ ಸಲ ಹಿಡಿದ ಮಳೆ ಬಿಡಲೇ ಇಲ್ಲ, ಟೂರಿಸ್ಟ್‌ಗಳೂ ಇಲ್ಲ, ಏಲಕ್ಕಿ ಡಬ್ಬಿಯ ಮುಚ್ಚಳದ ಒಳಗೂ ಬೂಸ್ಟು ಬಂದಿದೆ. ಎರಡು ಕಂತು ತಪ್ಪಿತು. ಕಂತು ಬಾಕಿ 90 ದಿನ ದಾಟಿದರೆ ಎನ್‌ಪಿಎ (ಕೆಟ್ಟ ಸಾಲ) ಅಂತ ಬರೆದುಬಿಡ್ತಾರೆ ಅಲ್ವಾ, ಅದೇ ಭಯ. ಬ್ಯಾಂಕಿನಲ್ಲಿ ಕೇಳಿದರೆ 'ನೋಡೋಣ' ಅಂತಾರೆ, ಅಷ್ಟೇ. ಕೊರೊನಾ ಸಮಯದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಿದ್ದರಲ್ಲ, ಆಗ ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು, ಹಾಗಾಗಿ ಪೂರ್ತಿ ನಿಲ್ಲಿಸೋದು ಬೇಡ. ಅವಧಿ ಜಾಸ್ತಿ ಮಾಡಿಸಿ ಕಂತು ಇಳಿಸಿಕೊಂಡವರು ಹೇಳಿ, ಅರ್ಜಿ ಜೊತೆ ಏನೇನು ಕೊಟ್ರಿ? ಸಿಬಿಲ್ ಸ್ಕೋರ್‌ಗೆ (ಸಾಲ ಸರಿಯಾಗಿ ಕಟ್ಟುತ್ತೀವಾ ಅಂತ ತೋರಿಸುವ ಅಂಕ) ಪೆಟ್ಟು ಬಿತ್ತಾ? ಮುಂದಿನ ಕಂತು 10ನೇ ತಾರೀಖಿಗಿದೆ.