ಒಂದೇ ದಿನದಲ್ಲಿ ಸನ್ನತಿ, ಮಳಖೇಡ ಎರಡೂ ಆಗುತ್ತಾ?

ಬಿಸಿಲೂರು:
ನಾವಿರೋದು ಕಲಬುರಗಿಯಲ್ಲಿ. ಸನ್ನತಿಗೆ ಹೋಗಿ ಚಂದ್ರಲಾಂಬೆಗೆ ಉಡಿ ತುಂಬಬೇಕು ಅಂತ ಅವ್ವ ಎರಡು ವರ್ಷದಿಂದ ಹೇಳ್ತಿದ್ದಾಳೆ. ಮಗಳು ಒಂಬತ್ತನೇ ಕ್ಲಾಸು, ಅವಳಿಗೆ ಅಶೋಕನ ಶಿಲ್ಪ ನೋಡಬೇಕು. ನನಗೆ ಮಳಖೇಡದ ಕೋಟೆ. ಭಾನುವಾರ ಬೆಳಿಗ್ಗೆ ಆರಕ್ಕೆ ಕಾರಲ್ಲಿ ಹೊರಟರೆ ಎಲ್ಲಾ ಮುಗಿಯುತ್ತಾ? ಅವ್ವನಿಗೆ ಮೊಣಕಾಲು ನೋವು, ಜಾಸ್ತಿ ನಡೆಯೋಕಾಗಲ್ಲ.

ಭೀಮಾತೀರ:
ಮುಗಿಸಬಹುದು ರೀ, ಆದರೆ ನೋಡಿದ ಹಾಗೆ ಆಗಲ್ಲ. ಸನ್ನತಿಗೇ ಇಡೀ ದಿನ ಇಟ್ಟುಕೊಳ್ಳಿ. ಬಿಸಿಲು ಏರೋದ್ರೊಳಗೆ ಅವ್ವನ ಪೂಜೆ ಮುಗಿಯಲಿ. ಅಲ್ಲಿನ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದು ಬಿತ್ತು, ಆಗಲೇ ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾಗಿದ್ದು. ಕಲ್ಲಿನ ಎರಡೂ ಮಗ್ಗುಲಿಗೆ ಬ್ರಾಹ್ಮಿ ಅಕ್ಷರ. ಮೂರ್ತಿ ಕೂರಿಸೋಕೆ ನಡುವೆ ತೂತು ಕೊರೆದಿದ್ದಾರೆ, ಅಲ್ಲಿದ್ದ ಅಕ್ಷರ ಹೋಗಿಬಿಟ್ಟಿವೆ. ಅದನ್ನು ನೋಡಿ ಹೊಟ್ಟೆ ಉರಿಯಿತು. ಆಮೇಲೆ ಅನಿಸಿತು, ಪೀಠ ಆಗಿರದಿದ್ದರೆ ಆ ಕಲ್ಲನ್ನು ಯಾರಾದರೂ ಒಡೆದು ಮನೆ ಕಟ್ಟುತ್ತಿದ್ದರೇನೋ.

ಅಶೋಕನ ಶಿಲ್ಪ ಪಕ್ಕದ ಕನಗನಹಳ್ಳಿಯಲ್ಲಿ, ಬೌದ್ಧ ಸ್ತೂಪ ಅಗೆದ ಜಾಗದಲ್ಲಿ ಸಿಕ್ಕಿದ್ದು. ರಾಜ, ರಾಣಿ, ಛತ್ರ ಚಾಮರ ಹಿಡಿದವರು, ಜೊತೆಗೆ ‘ರಾಯೋ ಅಸೋಕೋ’ ಅಂತ ಬರಹ. ಹೆಸರು ಕೆತ್ತಿದ್ದರಿಂದಲೇ ಇವನು ಅಶೋಕ ಅಂತ ಗಟ್ಟಿಯಾಗಿ ಹೇಳಬಹುದು. ಮಗಳಿಗೆ ರ, ಯ, ಅ, ಸ, ಕ, ಈ ಐದು ಬ್ರಾಹ್ಮಿ ಅಕ್ಷರ ಮನೆಯಲ್ಲೇ ಕಲಿಸಿ ಕರೆದುಕೊಂಡು ಹೋಗಿ. ಅವಳೇ ಓದಲಿ.

ಸೇಡಂ ರೋಡ್:
ಅಣ್ಣ ಹೇಳಿದ್ದು ಸರಿ. ಮಳಖೇಡ ನಿಮಗೆ ಸುಮಾರು 40 ಕಿ.ಮೀ., ಯಾವ ರಜೆಯಲ್ಲಾದರೂ ಹೋಗಬಹುದು. ಹಂಪಿ ಥರ ಸಾಲು ಸಾಲು ಮಂಟಪ ಸಿಗುತ್ತೆ ಅಂದುಕೊಂಡು ಹೋಗಬೇಡಿ. ಕಾಗಿಣಾ ದಂಡೆಯಲ್ಲಿ ಕೋಟೆ ಗೋಡೆ, ಜೈನ ಬಸದಿ, ಜಯತೀರ್ಥರ ಬೃಂದಾವನ ಇವೆ. ಆದರೆ ಅದು ಅಮೋಘವರ್ಷನ ರಾಜಧಾನಿ ರೀ, ‘ಕವಿರಾಜಮಾರ್ಗ’ ಬಂದದ್ದು ಅವನ ಆಸ್ಥಾನದಿಂದ. ಕಾವೇರಿಯಿಂದ ಗೋದಾವರಿವರೆಗೂ ಕನ್ನಡ ನಾಡು ಅಂತ ಹೇಳಿದ ಊರಿಗೆ ಓಡೋಡಿ ಹೋಗಿ ಫೋಟೋ ಹೊಡೆದು ಬರೋದು ಬೇಡ ಅಲ್ವಾ?

ಹಿಂಡಿ ರೊಟ್ಟಿ:
ಬುತ್ತಿ ಕಟ್ಟಿಕೊಂಡೇ ಹೋಗಿ. ನಾವು ಸುಮ್ನೆ ಹೋಟೆಲ್ ನಂಬಿ ಹೋಗಿ ಮಧ್ಯಾಹ್ನ ಮೂರರವರೆಗೆ ಉಪವಾಸ ಇದ್ವಿ. ರೊಟ್ಟಿ, ಶೇಂಗಾ ಹಿಂಡಿ, ಮೊಸರು, ನೀರು ಜಾಸ್ತಿ. ಅವ್ವನಿಗೆ ಒಂದು ಮಡಚುವ ಕುರ್ಚಿ ಡಿಕ್ಕಿಯಲ್ಲಿ ಇಡಿ, ಮರೆಯಬೇಡಿ.

ಬಿಸಿಲೂರು:
ಎಲ್ಲರಿಗೂ ಶರಣು. ಸನ್ನತಿ ಒಂದೇ ಅಂತ ಗಟ್ಟಿ ಮಾಡಿದೆ. ಮಗಳು ಆಗಲೇ ನೋಟ್‌ಬುಕ್ಕಿನಲ್ಲಿ ‘ಕ’ ಬರೆದು ತೋರಿಸಿದಳು, ಬ್ರಾಹ್ಮಿಯಲ್ಲಿ ಅದು ಬರೀ ಒಂದು ಕೂಡಿಸುವ ಚಿಹ್ನೆ!