ಹಳೇ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ತಗೊಳ್ಳೋ ಮುಂಚೆ ಏನೇನು ನೋಡಬೇಕು?

ಪ್ರಶ್ನೆ (ಮಿಲ್ಟನ್ ಕೀನ್ಸ್‌ನ ಸದಸ್ಯರು):

ಎಲ್ಲರಿಗೂ ನಮಸ್ಕಾರ. ಇಲ್ಲಿ ಬ್ರಿಟನ್ನಿನಲ್ಲಿ 2005ರ ಬೆಂಟ್ಲಿ ಕಾಂಟಿನೆಂಟಲ್ ಜಿಟಿ ಒಂದನ್ನು ನೋಡಿದ್ದೇನೆ. ಆರು ಲೀಟರ್ ಡಬ್ಲ್ಯೂ12 (ಡಬ್ಲ್ಯೂ ಆಕಾರದಲ್ಲಿ 12 ಸಿಲಿಂಡರ್) ಎಂಜಿನ್, 74,000 ಮೈಲಿ, ನಾಲ್ಕು ಜನ ಮಾಲೀಕರು. 17,500 ಪೌಂಡ್ ಹೇಳ್ತಿದ್ದಾರೆ. ಸರ್ವಿಸ್ ಪುಸ್ತಕದಲ್ಲಿ ಸೀಲುಗಳಿವೆ, ಬಿಲ್ಲುಗಳು ಮಾತ್ರ ಕಡಿಮೆ. ಎಂಜಿನ್ ಲೈಟ್ ಹತ್ತಿಲ್ಲ, ಪೇಂಟ್ ಚೆನ್ನಾಗಿದೆ. ದಿನಾ ಓಡಿಸೋಕಲ್ಲ, ವಾರಾಂತ್ಯಕ್ಕೆ ಮತ್ತು ದೂರದ ಪ್ರಯಾಣಕ್ಕೆ. ಗುಂಪಿನಲ್ಲಿ ಈ ಕಾರಿನ ಕೆಲಸ ಮಾಡೋರು ಇದ್ದೀರಿ ಅಂತ ಕೇಳ್ತಿದ್ದೇನೆ: ತಗೋಬಹುದಾ? ವರ್ಷಕ್ಕೆ ಎಷ್ಟು ತೆಗೆದಿಡಬೇಕು?

ಉತ್ತರ (ಮೆಕ್ಯಾನಿಕ್):

ನಮಸ್ಕಾರ ಸರ್. ಕಾರು ಒಳ್ಳೇದು. ಆದರೆ ನೀವು ಹೇಳಿದ ವಿವರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಬಿಲ್ಲುಗಳು ಕಡಿಮೆ" ಅನ್ನೋದು. ಸೀಲು ಆಯಿಲ್ ಬದಲಾಯಿಸಿದ್ದನ್ನು ಹೇಳುತ್ತೆ, ಅಷ್ಟೇ. ಈ ಕಾರಲ್ಲಿ ಪಾರ್ಟ್ ಅಷ್ಟೇನೂ ದುಬಾರಿಯಲ್ಲ, ಪಾರ್ಟ್ ಇರೋ ಜಾಗಕ್ಕೆ ಕೈ ಹೋಗೋದೇ ದುಬಾರಿ. 2003ರಲ್ಲಿ ಕ್ರೂ ಊರಿನ ಬೆಂಟ್ಲಿ ಕಾರ್ಖಾನೆಯಿಂದ ಹೊರಬಂದ ಈ ಜಿಟಿ, ಫೋಕ್ಸ್‌ವ್ಯಾಗನ್ ಫೇಟನ್ ಕಾರಿನ ತಳಪಾಯದ ಮೇಲೆ ಕಟ್ಟಿದ್ದು. 12 ಸಿಲಿಂಡರ್, ಎರಡು ಟರ್ಬೊ, ನಾಲ್ಕು ಚಕ್ರಕ್ಕೂ ಶಕ್ತಿ ಕೊಡೋ ವ್ಯವಸ್ಥೆ, ಎಲ್ಲಾ ಒಂದೇ ಗೂಡಿನಲ್ಲಿ ಬೆರಳು ತೂರಿಸೋಕೆ ಜಾಗವಿಲ್ಲದ ಹಾಗೆ ಕೂತಿವೆ. ಹತ್ತು ಪೌಂಡಿನ ರಬ್ಬರ್ ಪೈಪು ಎಂಜಿನ್ ಹಿಂಬದಿಯಲ್ಲಿ ಸೀಳಿದರೂ ಎಂಜಿನ್ ಇಳಿಸಬೇಕು. ಆ ಕೆಲಸಕ್ಕೆ ಸ್ವತಂತ್ರ ಗ್ಯಾರೇಜಿನಲ್ಲೇ 6,000ದಿಂದ 8,000 ಪೌಂಡ್ ಹಿಡಿಯಿರಿ. ಹಾಗಾಗಿ "ಎಂಜಿನ್ ಯಾವಾಗ ಇಳಿಸಿದ್ದರು, ಇಳಿಸಿದಾಗ ಏನೇನು ಹಾಕಿದರು, ಬಿಲ್ ತೋರಿಸಿ" ಅಂತ ಮೊದಲು ಕೇಳಿ. ಬಿಲ್ ಇರೋ ಕಾರಿಗೆ ನಾಲ್ಕು ಸಾವಿರ ಜಾಸ್ತಿ ಕೊಟ್ಟರೂ ಅದೇ ಅಗ್ಗ.

ನೋಡೋಕೆ ಬೆಳಿಗ್ಗೆ ಹೋಗಿ. ಮುಂಚೆಯೇ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಡಿ, ಬಾನೆಟ್ ಮುಟ್ಟಿ ತಣ್ಣಗಿದೆಯಾ ನೋಡಿ. ಸ್ಟಾರ್ಟ್ ಆದ ಮೇಲೆ ಒಂದು ನಿಮಿಷದಷ್ಟು ಹೊತ್ತು ಗುಂಯ್ ಅನ್ನೋ ಶಬ್ದ ಬಂದರೆ ಅದು ಸೆಕೆಂಡರಿ ಏರ್ ಪಂಪ್ (ತಣ್ಣಗಿರುವಾಗ ಎಂಜಿನ್ನಿನ ಹೊಗೆಗೆ ಗಾಳಿ ಊದೋದು), ಸಹಜ. ಗೇರ್‌ಬಾಕ್ಸ್ ಕಡೆಯಿಂದ ಸರಪಳಿ ಅಲ್ಲಾಡಿದ ಹಾಗೆ ಗರಗರ ಕೇಳಿ, ಕೆಲವು ಸೆಕೆಂಡಾದರೂ ನಿಲ್ಲದಿದ್ದರೆ ಟೈಮಿಂಗ್ ಚೈನಿನ ಮೇಲೆ ಅನುಮಾನಪಡಿ. ಈ ಎಂಜಿನ್ನಿನಲ್ಲಿ ಚೈನ್ ಇರೋದು ಗೇರ್‌ಬಾಕ್ಸ್ ಬದಿಯಲ್ಲಿ. ಅದಕ್ಕೂ ಎಂಜಿನ್ ಇಳಿಸಲೇಬೇಕು.

ಎಂಜಿನ್ ಲೈಟ್ ಹತ್ತಿಲ್ಲ ಅನ್ನೋದನ್ನು ನಂಬಬೇಡಿ. ದೋಷದ ಕೋಡ್ ಅಳಿಸಿ ತೋರಿಸೋರು ಇದ್ದಾರೆ. ಸ್ಕ್ಯಾನರ್ ಹಾಕಿದಾಗ ಕೋಡ್ ಜೊತೆಗೆ ರೆಡಿನೆಸ್ (ಕಾರಿನ ಸ್ವಯಂ ಪರೀಕ್ಷೆಗಳು ಮುಗಿದಿವೆಯಾ ಅನ್ನೋದು) ಕೂಡ ನೋಡಿ. ಆ ಪರೀಕ್ಷೆಗಳು "ಪೂರ್ಣವಾಗಿಲ್ಲ" ಅಂತ ತೋರಿಸಿದರೆ, ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ. ಪಿ0171, ಪಿ0174 ಬಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗ್ತಿದೆ. ಪಿ0491, ಪಿ0492 ಬಂದರೆ ಸೆಕೆಂಡರಿ ಏರ್ ಕೆಲಸ ಮಾಡ್ತಿಲ್ಲ. ಎರಡಕ್ಕೂ ಕಾರಣ ಹೆಚ್ಚಾಗಿ ಒಂದೇ. ಟರ್ಬೊ ಶಾಖಕ್ಕೆ ವ್ಯಾಕ್ಯೂಮ್ ಪೈಪುಗಳು ಗಟ್ಟಿಯಾಗಿ, ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯೋ ಸ್ಥಿತಿಗೆ ಬಂದಿರುತ್ತವೆ.

ವಿಸಿಡಿಎಸ್ (ಫೋಕ್ಸ್‌ವ್ಯಾಗನ್ ಬಳಗದ ಕಾರುಗಳ ಸ್ಕ್ಯಾನ್ ತಂತ್ರಾಂಶ) ಇರೋರು ಸಿಕ್ಕರೆ ಇನ್ನೂ ಒಳ್ಳೇದು. ಈ ಎಂಜಿನ್ನಿಗೆ ಎರಡು ಇಸಿಯು (ಎಂಜಿನ್ ಕಂಪ್ಯೂಟರ್), ಒಂದೊಂದು ಬ್ಯಾಂಕಿಗೆ (ಆರು ಸಿಲಿಂಡರ್‌ಗಳ ಗುಂಪಿಗೆ) ಒಂದೊಂದು. ವಿಳಾಸ 01 ಮತ್ತು 11. ಎರಡರಲ್ಲೂ ಮೆಷರಿಂಗ್ ಬ್ಲಾಕ್ (ಅಳತೆಯ ಪುಟ) 032 ತೆರೆಯಿರಿ. ಮೊದಲ ಅಂಕಿ ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ತಿರುಗುವಾಗ) ಇಂಧನದ ತಿದ್ದುಪಡಿ, ಎರಡನೇದು ಓಡುವಾಗಿನದು. ಎರಡೂ ಸೊನ್ನೆಯ ಆಸುಪಾಸು ಇರಬೇಕು. ಅಂಕಿ ಬರೆದುಕೊಂಡು ಬನ್ನಿ, ಇಲ್ಲೇ ಹೇಳ್ತೇನೆ.

ಆಮೇಲೆ ಕೂಲಂಟ್. ಇಪ್ಪತ್ತು ಮೈಲಿ ಓಡಿಸಿ ನಿಲ್ಲಿಸಿದ ಮೇಲೆ ಸಿಹಿ ವಾಸನೆ ಬರ್ತಿದೆಯಾ? ಎಂಜಿನ್ ಹಿಂದೆ, ಟರ್ಬೊ ಹತ್ತಿರ ಟಾರ್ಚ್ ಬಿಟ್ಟು ನೋಡಿ. ಒಣಗಿದ ಗುಲಾಬಿ ಬಣ್ಣದ ಪುಡಿ ಕಂಡರೆ ಒ-ರಿಂಗ್ (ರಬ್ಬರ್ ಉಂಗುರ) ಸೋರ್ತಿದೆ.

ಗೇರ್‌ಬಾಕ್ಸ್ ಜಡ್‌ಎಫ್ 6ಎಚ್‌ಪಿ26, ಗಟ್ಟಿಮುಟ್ಟು. "ಲೈಫ್‌ಟೈಮ್ ಆಯಿಲ್" ಅನ್ನೋ ಮಾತು ಮಾತ್ರ ಬಿಟ್ಟುಬಿಡಿ. ಗೇರ್‌ಬಾಕ್ಸ್ ಮಾಡಿದ ಜಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷಕ್ಕೆ ಬದಲಾಯಿಸಿ ಅನ್ನುತ್ತೆ. ಸಂಪ್ (ಕೆಳಗಿನ ಆಯಿಲ್ ತಟ್ಟೆ) ಇಳಿಸಿ ಫಿಲ್ಟರನ್ನೂ ಬದಲಾಯಿಸಬೇಕು. ಕಿಟ್‌ನಲ್ಲಿ 7 ಲೀಟರ್ ಆಯಿಲ್ ಬರುತ್ತೆ. ಮಟ್ಟ ನೋಡೋದು ಎಂಜಿನ್ ಓಡುತ್ತಿರುವಾಗ, ಆಯಿಲ್ 30ರಿಂದ 50 ಡಿಗ್ರಿ ಒಳಗಿರುವಾಗ. ಬಿಸಿಯಾದ ಮೇಲೆ ನೋಡಿದರೆ ಕಡಿಮೆ ತುಂಬಿರುತ್ತೀರಿ. ಸಂಪ್ ಇಳಿಸಿದಾಗಲೇ ಮೆಕಾಟ್ರಾನಿಕ್ (ಗೇರ್ ಬದಲಾವಣೆ ನಿಯಂತ್ರಿಸೋ ಘಟಕ) ಕನೆಕ್ಟರಿನ ಸ್ಲೀವ್ ಹೊಸದು ಹಾಕಿಸಿ. ಅದರ ಒ-ರಿಂಗ್‌ನಿಂದಲೇ ಆಯಿಲ್ ಸೋರೋದು.

ಏರ್ ಸಸ್ಪೆನ್ಷನ್ ಪರೀಕ್ಷೆಗೆ ಒಂದು ಟೇಪ್ ಸಾಕು. ರಾತ್ರಿ ನಿಲ್ಲಿಸಿದಾಗ ಚಕ್ರದ ನಡುವಿನಿಂದ ಆರ್ಚ್ ತುದಿಯವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ, ಬೆಳಿಗ್ಗೆ ಸ್ಟಾರ್ಟ್ ಮಾಡದೆ ಮತ್ತೆ ಅಳೆಯಿರಿ. ಒಂದು ಮೂಲೆ 10 ಮಿ.ಮೀ.ಗಿಂತ ಜಾಸ್ತಿ ಕುಸಿದಿದ್ದರೆ ಆ ಕಡೆಯ ಏರ್ ಸ್ಪ್ರಿಂಗ್ ಸೋರ್ತಿದೆ. ಮಾರೋರು "ಕಂಪ್ರೆಸರ್ ಹೊಸದು" ಅಂತ ಹೆಮ್ಮೆಯಿಂದ ಹೇಳಿದರೆ ಹುಷಾರಾಗಿ. ಸೋರೋದನ್ನು ಬಿಟ್ಟು ಕಂಪ್ರೆಸರ್ ಮಾತ್ರ ಹಾಕಿದ್ದರೆ ಅದೂ ಓಡಿ ಓಡಿ ಸುಡುತ್ತೆ. ಜಾಕ್ ಕೊಡೋ ಮುಂಚೆ ಮೆನುವಿನಲ್ಲಿ ಜಾಕ್ ಮೋಡ್ ಹಾಕೋದನ್ನು ಮರೆಯಬೇಡಿ.

ಪ್ರಶ್ನೆ (ಅದೇ ಸದಸ್ಯರು):

ತುಂಬಾ ಉಪಕಾರ ಸರ್. ಡ್ಯಾಶ್‌ನಲ್ಲಿ ಆಗಾಗ ಟೈರ್ ಪ್ರೆಷರ್ ಎಚ್ಚರಿಕೆ, ಒಂದ್ಸಲ ಸಸ್ಪೆನ್ಷನ್ ಎಚ್ಚರಿಕೆ ಬಂದು ಹೋಯ್ತು. ಬ್ಯಾಟರಿ ವೀಕ್ ಇರಬೇಕು ಅಂದರು ಮಾರೋರು. ನಿಜ ಇರಬಹುದಾ?

ಉತ್ತರ (ಆಟೋ ಎಲೆಕ್ಟ್ರಿಷಿಯನ್):

ಇರಬಹುದು, ಆದರೆ ಅಳೆದು ನೋಡಿ ಒಪ್ಪಿಕೊಳ್ಳಿ. ಈ ಕಾರಿಗೆ ಎರಡು ಬ್ಯಾಟರಿ, ಎರಡೂ ಬೂಟ್‌ನಲ್ಲಿ. ಒಂದು ಸ್ಟಾರ್ಟರ್‌ಗೆ, ಇನ್ನೊಂದು ಮಿಕ್ಕ ಎಲ್ಲದಕ್ಕೆ. ಎರಡನೇದು ಸೊರಗಿದರೆ ಕಾರು ಸ್ಟಾರ್ಟ್ ಆಗುತ್ತೆ, ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಎಚ್ಚರಿಕೆಗಳು ಬರ್ತವೆ. ರಾತ್ರಿಯಿಡೀ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಸರಿ, 12.2 ಅಂದರೆ ಅರ್ಧ ಖಾಲಿ. ಬ್ಯಾಟರಿ ಹೊಸದಾಗಿದ್ದೂ ಮತ್ತೆ ಮತ್ತೆ ಇಳಿಯುತ್ತಿದ್ದರೆ ಯಾವುದೋ ಮಾಡ್ಯೂಲ್ (ಎಲೆಕ್ಟ್ರಾನಿಕ್ ಘಟಕ) ನಿದ್ದೆಗೆ ಹೋಗ್ತಿಲ್ಲ. ಕಾರು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಕ್ಲ್ಯಾಂಪ್ ಮೀಟರ್ ಹಾಕಿ, 50 ಮಿಲಿ ಆಂಪಿಯರ್ ಒಳಗಿರಬೇಕು. ಟೈರ್ ಸೆನ್ಸರ್ ವಿಷಯ ಬೇರೆ. ಅದರೊಳಗಿನ ಬ್ಯಾಟರಿ ಏಳರಿಂದ ಹತ್ತು ವರ್ಷ ಬಾಳುತ್ತೆ, ಹಳೇದಾಗಿದ್ದರೆ ಟೈರ್ ಬದಲಾಯಿಸುವಾಗ ನಾಲ್ಕೂ ಹಾಕಿಸಿಬಿಡಿ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ನೀರು. ವಿಂಡ್‌ಸ್ಕ್ರೀನ್ ಕೆಳಗಿನ ತೊಟ್ಟಿಯಲ್ಲಿ ನೀರು ಇಳಿಯೋ ದಾರಿಗಳಿವೆ. ಎಲೆ ಕೊಳೆತು ಅವು ಕಟ್ಟಿಕೊಂಡರೆ ಮಳೆನೀರು ಕ್ಯಾಬಿನ್ನಿಗೆ ಬರುತ್ತೆ. ಮೇಲಿನ ಕಾರ್ಪೆಟ್ ಒಣಗಿರುತ್ತೆ, ಕೈಯಾಡಿಸಿದರೆ ಏನೂ ಗೊತ್ತಾಗಲ್ಲ. ಅದರಡಿಯ ದಪ್ಪ ಫೋಮ್ ಸ್ಪಂಜಿನ ಹಾಗೆ ನೀರು ಹಿಡಿದಿರುತ್ತೆ. ಮುಂದಿನ ಎರಡೂ ಕಡೆ, ಕಾಲಿಡೋ ಜಾಗದ ಮೂಲೆಯಲ್ಲಿ, ಬಿಳಿ ಟಿಶ್ಯೂ ಇಟ್ಟು ಮುಷ್ಟಿಯಿಂದ ಒತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ಟಿಶ್ಯೂ ಒದ್ದೆಯಾದರೆ ಅಲ್ಲಿಗೇ ಬಿಟ್ಟು ಬನ್ನಿ. ಕಾರ್ಪೆಟ್ ಕೆಳಗಿನ ಮಾಡ್ಯೂಲ್ ಮತ್ತು ಕನೆಕ್ಟರುಗಳಿಗೆ ಹಸಿರು ತುಕ್ಕು ಹಿಡಿದಿದ್ದರೆ ಅದು ವರ್ಷಗಟ್ಟಲೆ ಕಾಡುತ್ತೆ. ಬೂಟ್‌ನಲ್ಲೂ ಬ್ಯಾಟರಿ ತಟ್ಟೆಯ ಕೆಳಗೆ ನೋಡಿ. ತಗೊಂಡ ಮೇಲೆ ವರ್ಷಕ್ಕೆ ಎರಡು ಸಲ ಆ ತೊಟ್ಟಿಯನ್ನು ಚೊಕ್ಕ ಮಾಡಿ, ಅರ್ಧ ಲೀಟರ್ ನೀರು ಸುರಿದು ಕಾರಿನಡಿ ಬೀಳ್ತಿದೆಯಾ ನೋಡಿ.

ವಾರಕ್ಕೊಮ್ಮೆ ಮಾತ್ರ ಓಡೋ ಕಾರಿಗೆ ಬ್ಯಾಟರಿ ಕಂಡೀಷನರ್ (ನಿಂತಿರುವಾಗ ಚಾರ್ಜ್ ಇಳಿಯದಂತೆ ನೋಡೋ ಚಾರ್ಜರ್) ಬೇಕೇ ಬೇಕು.

ಪ್ರಶ್ನೆ (ಲೀಡ್ಸ್‌ನ ಸದಸ್ಯರು):

ನಾನೂ ಇದೇ ಹುಡುಕಾಟದಲ್ಲಿದ್ದೇನೆ. ಇನ್ನಷ್ಟು ಶಕ್ತಿಯ ಜಿಟಿ ಸ್ಪೀಡ್ ಅಥವಾ ಆಮೇಲೆ ಬಂದ ವಿ8 ವಾಸಿನಾ?

ಉತ್ತರ (ಮೆಕ್ಯಾನಿಕ್):

ಮೊದಲು ರಸ್ತೆ ತೆರಿಗೆ ಲೆಕ್ಕ ಹಾಕಿ. ಈ ಕಾರಿನ ಇಂಗಾಲ ಹೊರಸೂಸುವಿಕೆ ಕಿ.ಮೀ.ಗೆ 400 ಗ್ರಾಮ್ ದಾಟುತ್ತೆ. 2006ರ ಮಾರ್ಚ್ 23ಕ್ಕಿಂತ ಮುಂಚೆ ನೋಂದಣಿಯಾಗಿದ್ದರೆ ಕೆ ಅನ್ನೋ ತೆರಿಗೆ ಬ್ಯಾಂಡ್‌ನಲ್ಲೇ ನಿಲ್ಲುತ್ತೆ, ಆ ದಿನದಿಂದ ಈಚೆಗಾದರೆ ಎಂ ಬ್ಯಾಂಡ್. ವರ್ಷಕ್ಕೆ 300 ಪೌಂಡ್‌ಗೂ ಮೇಲೆ ವ್ಯತ್ಯಾಸ. 55 ನಂಬರ್ ಪ್ಲೇಟಿನ (2005ರ ಸೆಪ್ಟೆಂಬರ್‌ನಿಂದ 2006ರ ಫೆಬ್ರವರಿವರೆಗಿನ) ಕಾರುಗಳೂ, 06 ಪ್ಲೇಟಿನಲ್ಲಿ (2006ರ ಮಾರ್ಚ್‌ನಿಂದ) ಮೊದಲ ಮೂರು ವಾರದವೂ ಕಡಿಮೆ ತೆರಿಗೆಯವು. ವಿ5ಸಿಯಲ್ಲಿ (ನೋಂದಣಿ ಪತ್ರದಲ್ಲಿ) ತಾರೀಖು ನೋಡಿ. ಸ್ಪೀಡ್ ಬಂದಿದ್ದೇ 2007ರಲ್ಲಿ, ಹಾಗಾಗಿ ಅದಕ್ಕೆ ವಿನಾಯಿತಿ ಇಲ್ಲ. ಎಂಜಿನ್ ಕೂಡ ಅದೇ ಡಬ್ಲ್ಯೂ12, ರಿಪೇರಿ ಕಷ್ಟವೂ ಅದೇ. ಲಂಡನ್‌ಗೆ ಹೋಗೋರು ಯುಲೆಜ್ (ಹೆಚ್ಚು ಹೊಗೆ ಬಿಡೋ ಕಾರಿನ ಮೇಲಿನ ಶುಲ್ಕ) ಅನ್ವಯಿಸುತ್ತಾ ಅಂತ ನಂಬರ್ ಹಾಕಿ ನೋಡಿಕೊಳ್ಳಿ.

2012ರಿಂದ ಬಂದ ನಾಲ್ಕು ಲೀಟರ್ ವಿ8 ಎಂಜಿನ್ ಆಡಿ ಎಸ್8ರದ್ದೇ ಕುಟುಂಬ, ಎಂಟು ಗೇರ್. ಪೆಟ್ರೋಲ್ ಕಡಿಮೆ ಕುಡಿಯುತ್ತೆ, ಮೂತಿ ಹಗುರ. ಬಜೆಟ್ ಇದ್ದರೆ ನನ್ನ ಆಯ್ಕೆ ಅದೇ. ಆದರೆ ಟರ್ಬೊಗಳು ವಿ ಆಕಾರದ ನಡುವೆ, ಶಾಖದಲ್ಲಿ ಕೂತಿವೆ. ಆಯಿಲ್ ಬದಲಾವಣೆ ತಡವಾದ ಕಾರು ಬೇಡ.

ಪ್ರಶ್ನೆ (ಮಿಲ್ಟನ್ ಕೀನ್ಸ್‌ನ ಸದಸ್ಯರು):

ಸರ್, ಅಳೆಸಿಕೊಂಡು ಬಂದೆ. ಟಿಶ್ಯೂ ಒಣಗಿತ್ತು. ಸಸ್ಪೆನ್ಷನ್ ಬೆಳಿಗ್ಗೆಯೂ ಅಷ್ಟೇ ಎತ್ತರ. ಬ್ಲಾಕ್ 032ರಲ್ಲಿ ವಿಳಾಸ 01: ಐಡಲ್ 1.2, ಓಡುವಾಗ 0.8. ವಿಳಾಸ 11: ಐಡಲ್ 9.6, ಓಡುವಾಗ 2.1. ರೆಡಿನೆಸ್ ಪೂರ್ಣವಾಗಿಲ್ಲ. ಸ್ಪೀಡ್ ಹಂಪ್ ಮೇಲೆ ಮುಂದೆ ಕಟಕ್ ಅನ್ನುತ್ತೆ.

ಉತ್ತರ (ಮೆಕ್ಯಾನಿಕ್):

ಚೆನ್ನಾಗಿ ನೋಡಿಕೊಂಡು ಬಂದಿದ್ದೀರಿ. ಕಟಕ್ ಶಬ್ದ ಮುಂದಿನ ಸಸ್ಪೆನ್ಷನ್ನಿನ ಮೇಲ್ಗಡೆ ಆರ್ಮ್‌ಗಳ ಬುಷ್ (ರಬ್ಬರ್ ಜೋಡಣೆ) ಇರಬೇಕು. ಒಂದೊಂದು ಕಡೆ ಎರಡೆರಡು ಆರ್ಮ್, ಅವುಗಳ ಬಾಲ್ ಜಾಯಿಂಟ್‌ಗಳನ್ನು ಹಿಡಿಯೋದು ಒಂದು ಉದ್ದ ಬೋಲ್ಟ್. ಆ ಬೋಲ್ಟ್ ಅಲ್ಯೂಮಿನಿಯಮ್ಮಿನೊಳಗೆ ಕಚ್ಚಿಕೊಂಡು ಕೂತಿರುತ್ತೆ. ಸುತ್ತಿಗೆಯಲ್ಲಿ ಹೊಡೆಯೋ ಗ್ಯಾರೇಜಿಗೆ ಬಿಡಬೇಡಿ, ನಕಲ್ (ಚಕ್ರವನ್ನು ಹಿಡಿಯೋ ಲೋಹದ ಭಾಗ) ಹಾಳಾದರೆ ಖರ್ಚು ನಾಲ್ಕು ಪಟ್ಟು. ಆರ್ಮ್ ತರಿಸುವಾಗ ಪಾರ್ಟ್ ನಂಬರ್ ನೋಡಿ: 3ಡಿ0 ಅಂತ ಶುರುವಾದರೆ ಅದು ಫೇಟನ್ ಪಾರ್ಟ್, 3ಡಬ್ಲ್ಯೂ0 ಆದರೆ ಬೆಂಟ್ಲಿಯದು. ಎಷ್ಟೋ ಪಾರ್ಟ್‌ಗಳಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಬೆಲೆಯಲ್ಲಿ ಮಾತ್ರ ಇದೆ. ಹಳೇ ಪಾರ್ಟಿನ ಮೇಲೆ ಅಚ್ಚಾದ ನಂಬರ್ ನೋಡಿ ಖಾತ್ರಿ ಮಾಡಿಕೊಂಡು ತರಿಸಿ.

ಈಗ 11ರ ಅಂಕಿ. ಒಂದೇ ಬ್ಯಾಂಕ್ ಕೆಟ್ಟಿದೆ, ಅದೂ ಐಡಲ್‌ನಲ್ಲಿ. ಪೆಟ್ರೋಲ್ ಪಂಪ್ ಅಥವಾ ಏರ್ ಮಾಸ್ ಸೆನ್ಸರ್ ದೋಷವಾಗಿದ್ದರೆ ಓಡುವಾಗಿನ ಅಂಕಿ ಜಾಸ್ತಿ ಇರಬೇಕಿತ್ತು. ಐಡಲ್‌ನಲ್ಲಿ ಒಳಗೆ ಹೋಗೋ ಗಾಳಿಯೇ ಕಡಿಮೆ, ಅದಕ್ಕೇ ಸಣ್ಣ ಸೀಳು ದೊಡ್ಡದಾಗಿ ಕಾಣುತ್ತೆ. ವೇಗ ಹೆಚ್ಚಿದಂತೆ ಅದು ಲೆಕ್ಕಕ್ಕೆ ಬರಲ್ಲ. ಅಂದರೆ ಆ ಬ್ಯಾಂಕಿನಲ್ಲಿ ವ್ಯಾಕ್ಯೂಮ್ ಸೋರಿಕೆ ಇದೆ. ರೆಡಿನೆಸ್ ಪೂರ್ಣವಾಗಿಲ್ಲ ಅನ್ನೋದೂ ಸೇರಿದರೆ, ಲೈಟ್ ಹತ್ತಿತ್ತು, ಅಳಿಸಿದ್ದಾರೆ ಅಂತಲೇ ನನ್ನ ಎಣಿಕೆ.

ನಿಮ್ಮ ಖರ್ಚಿನಲ್ಲೇ ಒಂದು ಸ್ಮೋಕ್ ಟೆಸ್ಟ್ (ಹೊಗೆ ತುಂಬಿ ಸೋರೋ ಜಾಗ ಹುಡುಕೋದು) ಮಾಡಿಸಿ, ಒಂದು ಗಂಟೆಯ ಕೆಲಸ. ಹೊಗೆ ಮುಂದೆ ಬ್ರೀದರ್ ಪೈಪಿನಲ್ಲಿ ಬಂದರೆ ಅರ್ಧ ದಿನದಲ್ಲಿ ಮುಗಿಯುತ್ತೆ, ಸ್ವಲ್ಪ ಚೌಕಾಸಿ ಮಾಡಿ ತಗೊಳ್ಳಿ. ಎಂಜಿನ್ ಹಿಂದಿನಿಂದ ಬಂದರೆ 11,000 ಪೌಂಡ್ ಮೇಲೆ ಒಂದು ಪೌಂಡೂ ಬೇಡ. ಹಾಗೆ ತಗೊಂಡು ಎಂಜಿನ್ ಇಳಿಸಿದಿರಿ ಅಂದರೆ, ಆ ಒಂದೇ ಸಲಕ್ಕೆ ಎಲ್ಲಾ ವ್ಯಾಕ್ಯೂಮ್ ಪೈಪು, ಕೂಲಂಟ್ ಒ-ರಿಂಗ್‌ಗಳು, 12 ಸ್ಪಾರ್ಕ್ ಪ್ಲಗ್, ಎಂಜಿನ್ ಮೌಂಟ್ ಹಾಕಿಸಿ, ಆಲ್ಟರ್ನೇಟರ್ ಬೇರಿಂಗ್ ತಿರುಗಿಸಿ ನೋಡಿಸಿ. ಕಿತ್ತ ಪೈಪುಗಳ ಫೋಟೊ ಬಿಲ್ಲಿನ ಜೊತೆ ಇಟ್ಟುಕೊಳ್ಳಿ, ನಾಳೆ ಮಾರುವಾಗ ಬೆಲೆ ಬರೋದು ಅದಕ್ಕೇ.

ವರ್ಷದ ಖರ್ಚು ಕೇಳಿದ್ದಿರಿ. ಪೆಟ್ರೋಲ್, ಇನ್ಶೂರೆನ್ಸ್ ಬಿಟ್ಟು 4,000 ಪೌಂಡ್ ಬೇರೆ ಖಾತೆಯಲ್ಲಿಡಿ. ಸರ್ವಿಸ್ ವರ್ಷಕ್ಕೊಮ್ಮೆ ಅಥವಾ 10,000 ಮೈಲಿಗೆ. ಟೈರ್ ನಾಲ್ಕೂ ಒಂದೇ ಬ್ರಾಂಡ್, ಸವೆತವೂ ಹತ್ತಿರ ಹತ್ತಿರ ಇರಲಿ. ಇಲ್ಲದಿದ್ದರೆ ಮುಂದೆ ಹಿಂದೆ ಶಕ್ತಿ ಹಂಚೋ ನಡುವಿನ ಟಾರ್ಸೆನ್ ಡಿಫರೆನ್ಷಿಯಲ್ ಸುಮ್ಮನೆ ದುಡಿಯುತ್ತೆ. ಹಿಂದಿನ ಬ್ರೇಕ್ ಪ್ಯಾಡ್ ಬಿಚ್ಚೋ ಮುಂಚೆ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕನ್ನು ಸ್ಕ್ಯಾನರ್‌ನಿಂದ ಸರ್ವಿಸ್ ಸ್ಥಿತಿಗೆ ತರಬೇಕು. ಎಂಒಟಿ (ವರ್ಷದ ಕಡ್ಡಾಯ ತಪಾಸಣೆ) ಇತಿಹಾಸ ಸರ್ಕಾರದ ತಾಣದಲ್ಲಿ ಉಚಿತ, ಬ್ರೇಕ್ ಪೈಪ್ ತುಕ್ಕು ಅಂತ ಹಿಂದೆ ಬರೆದಿದ್ದಾರಾ ನೋಡಿ. ಚಳಿಗಾಲದ ರಸ್ತೆ ಉಪ್ಪಿಗೆ ಅವೇ ಮೊದಲು ಹೋಗೋದು.

ಪ್ರಶ್ನೆ (ಅದೇ ಸದಸ್ಯರು):

ಕೊನೇದೊಂದು. ಎರಡು ವರ್ಷದಲ್ಲಿ ಬೆಂಗಳೂರಿಗೆ ವಾಪಸ್ ಹೋಗೋ ಯೋಚನೆ ಇದೆ. ಕಾರು ಒಯ್ಯಬಹುದಾ?

ಉತ್ತರ (ಮೆಕ್ಯಾನಿಕ್):

ಆಗಲ್ಲ ಸರ್. ಭಾರತಕ್ಕೆ ತರೋ ಹಳೇ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು ಅಂತ ನಿಯಮ. ಇದು 2005ರದು. ಎರಡು ವರ್ಷಕ್ಕೆ ಮಾರೋದು ಖಚಿತ ಅಂದರೆ, ಎಂಜಿನ್ ಇಳಿಸಬೇಕಾದ ಕಾರಿಗೆ ಕೈಹಾಕಲೇಬೇಡಿ. ಹಾಕಿದ ದುಡ್ಡು ಅಷ್ಟರೊಳಗೆ ವಾಪಸ್ ಬರಲ್ಲ. ಸ್ಮೋಕ್ ಟೆಸ್ಟ್ ಆದ ಮೇಲೆ ಹೊಗೆ ಎಲ್ಲಿಂದ ಬಂತು ಅಂತ ಇಲ್ಲಿ ಬರೆಯಿರಿ.